ಮಾಬೂಬಿಯ ಲಗೇಜು ಚೀಟಿಗಳು

ಸವಣೂರಿನ ಮಾಬೂಬಿಯನ್ನು ನಾನು ಮೊದಲ ಸಲ ನೋಡಿದಾಗ ಆಕೆ ವಿಧವೆ, ಬಡವೆ ಮತ್ತು ಬಾಯಿಲ್ಲದವಳು ಎಂದು ತಿಳಿದೆ. ಮೂರೂ ತಪ್ಪು. ಒಂದೇ ನೋಟಕ್ಕೆ ಮೂರು ತಪ್ಪು ಮಾಡುವುದು ಎಲ್ಲರಿಗೂ ಆಗುವ ಕೆಲಸವಲ್ಲ. ಅದಕ್ಕೆ ಸರ್ಕಾರಿ ಕಚೇರಿಯಲ್ಲಿ ಹದಿನೆಂಟು ವರ್ಷ ಸೇವೆಯಾಗಿರಬೇಕು.

೧೯೮೯ರ ಏಪ್ರಿಲ್ ತಿಂಗಳು. ಸವಣೂರು ತಾಲೂಕು ಕಚೇರಿಯಲ್ಲಿ ವಿಧವಾ ವೇತನದ ಟೇಬಲ್ಲು ನನ್ನದು. ದಿನಕ್ಕೆ ಇಪ್ಪತ್ತು ಮೂವತ್ತು ಹೆಣ್ಣುಮಕ್ಕಳು ಬಂದು ಎದುರಿಗೆ ನಿಲ್ಲುತ್ತಿದ್ದರು. ಯಾರು ನಿಂತರೂ ಅವರ ಗಂಡನನ್ನು ಮನಸ್ಸಿನಲ್ಲೇ ಮಣ್ಣು ಮಾಡಿಬಿಡುವ ಅಭ್ಯಾಸ ನನಗೆ ಆಗಿಹೋಗಿತ್ತು. ಮಾಬೂಬಿ ಬಂದು ನಿಂತಾಗಲೂ ಹಾಗೇ ಆಯಿತು. ಐವತ್ತರ ಆಸುಪಾಸಿನ ಹೆಂಗಸು, ಮಾಸಿದ ಹಸಿರು ಸೀರೆ, ಬೆರಳ ತುದಿಯೆಲ್ಲ ಎಲೆಯ ಕರೆಯಿಂದ ಕಪ್ಪು. ಮಾತಿಲ್ಲದೆ ನಿಂತಿದ್ದಳು. ಸಿಟ್ಟು ಬಂದಷ್ಟೂ ಆಕೆಯ ದನಿ ಇಳಿಯುತ್ತದೆ, ಪೂರ್ತಿ ಬಂದಾಗ ನಿಂತೇ ಹೋಗುತ್ತದೆ ಎಂದು ಆಗ ನನಗೆ ಗೊತ್ತಿರಲಿಲ್ಲ. ಪಾಪ, ಸಂಕೋಚದ ಹೆಣ್ಣುಮಗಳು ಎಂದುಕೊಂಡು ನಾನು ಅರ್ಜಿ ನಮೂನೆ ತೆಗೆದು ಮುಂದಿಟ್ಟೆ. ಸರ್ಕಾರ ಬಡವರ ಮೇಲೆ ಇಟ್ಟಿರುವ ಕಾಳಜಿಯ ಬಗ್ಗೆ ಹತ್ತು ನಿಮಿಷ ಮಾತಾಡಿದೆ. ಮರಣ ದಾಖಲೆ ಎಲ್ಲಿ ಸಿಗುತ್ತದೆ, ಅದಕ್ಕೆ ಯಾರ ಸಹಿ ಬೇಕು ಎಂಬುದನ್ನು ವಿವರಿಸಿದೆ. ಕೊನೆಗೆ, ದನಿಯಲ್ಲಿ ಸಾಧ್ಯವಿದ್ದಷ್ಟು ಮರುಕ ತಂದುಕೊಂಡು, ಗಂಡ ತೀರಿಕೊಂಡು ಎಷ್ಟು ದಿನವಾಯಿತು ಎಂದು ಕೇಳಿದೆ.

"ಗಂಡ ಮನ್ಯಾಗ ಉಣ್ಣಾಕತ್ತಾನ್ರಿ," ಅಂದಳು. "ಸತ್ತದ್ದು ಟೀವಿ."

ಆಕೆ ಬಂದದ್ದು ಬೇರೆಯೇ ಕೆಲಸಕ್ಕೆ. ಕೊಂಡ ಸಾಮಾನು ಕೆಟ್ಟದ್ದಿದ್ದರೆ ಕೇಳಲಿಕ್ಕೆ ಸರ್ಕಾರದವರು ಹೊಸದೊಂದು ಕೋರ್ಟು ಮಾಡಿದ್ದಾರಂತೆ, ಅದು ಎಲ್ಲಿದೆ ಎಂದು ತಿಳಿಯಬೇಕಾಗಿತ್ತು. ಅಂಥದ್ದೇನೂ ಇಲ್ಲ ಎಂದು ನಾನು ಖಡಾಖಂಡಿತವಾಗಿ ಹೇಳಿದೆ. ಆಕೆ ನನ್ನ ಟೇಬಲ್ಲಿನ ಮೇಲೆ ಕೈ ತೋರಿಸಿ, ಆ ಕಾಗದದಲ್ಲಿ ಏನಿದೆ ಎಂದು ಕೇಳಿದಳು. ಆ ಕಾಗದದ ಮೇಲೆ ನನ್ನ ಚಹದ ಗ್ಲಾಸು ಇತ್ತು. ಎತ್ತಿ ನೋಡಿದರೆ, ಧಾರವಾಡದಲ್ಲಿ ಜಿಲ್ಲಾ ಗ್ರಾಹಕರ ವೇದಿಕೆ ಆಗಿದೆ, ಸಾರ್ವಜನಿಕರಿಗೆ ತಿಳಿಯಪಡಿಸುವುದು ಎಂಬ ಸುತ್ತೋಲೆ. ಅದಕ್ಕೆ ಮೂರು ತಿಂಗಳಾಗಿತ್ತು. ಸುತ್ತೋಲೆಯ ತುಂಬ ಗ್ಲಾಸಿನ ಗುರುತುಗಳು ಎಷ್ಟೊಂದು ಬಿದ್ದಿದ್ದವೆಂದರೆ, ಅದನ್ನು ನಾನು ದಿನಾಲೂ ಬಳಸುತ್ತಿದ್ದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಓದು ಬಾರದ ಹೆಂಗಸಿಗೆ ಅದು ಹೇಗೆ ಗೊತ್ತಾಯಿತು ಎಂದು ಕೇಳಿದ್ದಕ್ಕೆ, ಅದರ ಕಾಗದ ಎಲ್ಲ ಕಚೇರಿಗೂ ಬಂದು ಯಾವುದೋ ಟೇಬಲ್ಲಿನ ಮೇಲೆ ಬಿದ್ದಿರುತ್ತದೆ ಎಂದು ಬಸ್ಸಿನಲ್ಲಿ ಇಬ್ಬರು ಮಾಸ್ತರರು ಮಾತಾಡುತ್ತಿದ್ದರು ಎಂದಳು. ಮೂರ್ನಾಲ್ಕು ಕಚೇರಿ ತಿರುಗಿ, ಎಲ್ಲರ ಟೇಬಲ್ಲು ನೋಡಿ, ಕೊನೆಗೆ ನನ್ನ ಹತ್ತಿರ ಬಂದಿದ್ದಳು.

ಸವಣೂರು ಎಂದರೆ ವೀಳ್ಯದೆಲೆ. ಮಾಬೂಬಿಯ ತಾಯಿ ಎಲೆ ಮಾರಿದಳು, ಈಕೆಯೂ ಮಾರುತ್ತಾಳೆ. ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಕಟ್ಟೆ, ಕಟ್ಟೆಯ ಮೇಲೆ ಒದ್ದೆ ಗೋಣಿತಟ್ಟು, ತಟ್ಟಿನ ಕೆಳಗೆ ಎಲೆಯ ಕಟ್ಟುಗಳು. ದಿನಾ ನಸುಕಿನ ಬಸ್ಸಿಗೆ ಹುಬ್ಬಳ್ಳಿಗೂ ಬುಟ್ಟಿ ಕಳಿಸುತ್ತಿದ್ದಳು. ಈ ವ್ಯಾಪಾರಕ್ಕೆ ಎರಡು ಕಟ್ಟಳೆಗಳಿವೆ, ಇವನ್ನು ಎಲ್ಲಿಯೂ ಬರೆದಿಟ್ಟಿಲ್ಲ. ಮೊದಲನೆಯದು, ಕಟ್ಟನ್ನು ಗಿರಾಕಿಯ ಮುಂದೆ ಬಿಚ್ಚಿ ತೋರಿಸಿಯೇ ಕೊಡಬೇಕು. ಮನೆಗೆ ಹೋದ ಮೇಲೆ ಒಳಗೆ ಕೊಳೆತ ಎಲೆ ಸಿಕ್ಕಿ, ಮರುದಿನ ಮಧ್ಯಾಹ್ನದೊಳಗೆ ತಂದರೆ ಒಂದಕ್ಕೆ ಎರಡು ಕೊಡಬೇಕು, ಮಾತಿಲ್ಲದೆ. ಎರಡನೆಯದು ಬಸ್ಸಿನ ಕಟ್ಟಳೆ. ಬುಟ್ಟಿಯ ಜೊತೆ ಮನುಷ್ಯರು ಹೋಗುವುದಿಲ್ಲ. ಹುಬ್ಬಳ್ಳಿಯಲ್ಲಿ ಇಳಿಸಿಕೊಂಡವನು, ಎಲೆ ಬಾಡಿ ಬಂತು ಎಂದುಬಿಟ್ಟರೆ ಮುಗಿಯಿತು. ಹಾಗಾಗಿ ಕಂಡಕ್ಟರ್ ಕಾರ್ಬನ್ ಹಾಕಿ ಬರೆದುಕೊಡುವ ಲಗೇಜು ಚೀಟಿಯಲ್ಲಿ ತಾರೀಖು, ಬುಟ್ಟಿಯ ಲೆಕ್ಕದ ಜೊತೆಗೆ ಸರಕಿನ ಸ್ಥಿತಿಯನ್ನೂ ಬರೆಸಿಕೊಳ್ಳುತ್ತಾರೆ: 'ಹಸಿ ಎಲೆ, ಬುಟ್ಟಿ ೨' ಅಂತ. ಆ ಚೀಟಿಗಳನ್ನು ಒಂದು ತಂತಿಗೆ ಚುಚ್ಚಿ ಗೋಡೆಗೆ ತೂಗುಹಾಕುವುದು. ಮಾಬೂಬಿಯ ಗೋಡೆಯ ಮೇಲಿನ ತಂತಿ ತುಂಬಿ, ಅದರ ಪಕ್ಕದಲ್ಲಿ ಎರಡನೆಯದು, ಮೂರನೆಯದು ಇಳಿದಿದ್ದವು.

ಆಕೆಯ ಗಂಡ ಕರೀಮಸಾಬ. ಹಾನಗಲ್ಲಿನ ಒಂದು ಭತ್ತದ ಗಿರಣಿಯಲ್ಲಿ ಇಪ್ಪತ್ತೆರಡು ವರ್ಷ ಇಂಜಿನ್ ಪಕ್ಕದಲ್ಲಿ ನಿಂತು ಕೆಲಸ ಮಾಡಿದ. ಇಂಜಿನ್ ಅವನ ಕಿವಿಯನ್ನು ಪೂರ್ತಿ ತಿಂದಿತು. ಆಮೇಲೆ ಗಿರಣಿಯವರು, ಕರೆದರೆ ಕೇಳದ ಆಳು ನಮಗೆ ಬೇಡ ಎಂದು ಮನೆಗೆ ಕಳಿಸಿದರು. ಕಿವಿ ಕೆಡಿಸಿದವರೇ ಕಿವಿಯಿಲ್ಲವೆಂದು ಬಿಡಿಸಿದ್ದು. ಅದರ ಮೇಲೆ ಯಾವ ವೇದಿಕೆಯಲ್ಲೂ ಖಟ್ಲೆ ನಡೆಯಲಿಲ್ಲ.

ಕಿವುಡನ ಜೊತೆ ಊರು ಎಷ್ಟು ದಿನ ಮಾತಾಡುತ್ತದೆ? ಮೊದಲು ಕೂಗಿ ಹೇಳುತ್ತಿದ್ದರು, ಆಮೇಲೆ ಕೈಬೀಸಿ ಸುಮ್ಮನಾದರು. ಹೆಂಡತಿಯೊಬ್ಬಳೇ ಎಲೆ ಪೇಟೆಯ ಬೆರಳ ಲೆಕ್ಕದಲ್ಲಿ, ಮುಖದ ಸನ್ನೆಯಲ್ಲಿ ಅವನ ಹತ್ತಿರ ಮಾತಾಡುತ್ತಿದ್ದಳು. ಹೀಗಿರುವಾಗ ಒಂದು ರವಿವಾರ ಮಧ್ಯಾಹ್ನ ಓಣಿಯ ದೊಡ್ಡ ಮನೆಯೊಂದರ ಕಿಟಕಿಯಲ್ಲಿ ಕರೀಮಸಾಬ ಟೀವಿ ನೋಡಿದ. ದಿಲ್ಲಿಯ ಒಬ್ಬ ಹೆಣ್ಣುಮಗಳು ಬಾಯಿ ತೆರೆಯದೆ, ಬರೇ ಕೈಬೆರಳಿನಿಂದ ವಾರ್ತೆ ಓದುತ್ತಿದ್ದಳು. ಕಿವಿ ಕೇಳದವರಿಗೆಂದೇ ವಾರಕ್ಕೊಮ್ಮೆ ಬರುವ ವಾರ್ತೆ ಅದು. ಅವಳ ಸನ್ನೆ ಅವನಿಗೆ ಒಂದೂ ತಿಳಿಯಲಿಲ್ಲ. ಆದರೂ ಮನೆಗೆ ಓಡಿ ಬಂದು, ಹತ್ತು ಬೆರಳನ್ನೂ ಕುಣಿಸಿ ಕುಣಿಸಿ ಹೆಂಡತಿಗೆ ತೋರಿಸಿದನಂತೆ. ಮುಂದಿನ ರವಿವಾರವೂ ಹೋದ. ಮೂರನೆಯ ರವಿವಾರ ಆ ಮನೆಯವರು, ಹಾಸುಗಲ್ಲಿನ ಮೇಲೆ ಜನ ಮುಕುರುತ್ತಾರೆಂದು ಕಿಟಕಿ ಹಾಕಿಕೊಂಡರು.

ಆ ಸಂಜೆಯೇ ಮಾಬೂಬಿ ಟೀವಿ ತರುವುದೆಂದು ಗಟ್ಟಿಮಾಡಿದಳು.

ಹಾನಗಲ್ಲಿನಲ್ಲಿ ಪರಮೇಶಪ್ಪನವರ ಅಂಗಡಿ. 'ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ನಾಲ್ಕೂ ತಾಲೂಕುಗಳಿಗೆ ಏಕೈಕ ಅಧಿಕೃತ ಮಾರಾಟಗಾರರು' ಎಂದು ಅದರ ಬೋರ್ಡು. ಬೋರ್ಡಿನಲ್ಲಿ ಟೀವಿಗಿಂತ ಪರಮೇಶಪ್ಪನವರ ಚಿತ್ರ ದೊಡ್ಡದಿತ್ತು. ಅವರು ಎರಡು ಸಂಘಗಳಿಗೆ ಅಧ್ಯಕ್ಷರು, ಒಂದಕ್ಕೆ ಗೌರವಾಧ್ಯಕ್ಷರು. ಗಿರಾಕಿ ಎನ್ನದೆ 'ಗ್ರಾಹಕ ಬಂಧು' ಎನ್ನುವರು. ೧೯೮೮ರ ಸೆಪ್ಟೆಂಬರ್ ಹತ್ತೊಂಬತ್ತು, ಸೋಮವಾರ, ಮಾಬೂಬಿ ಅವರಿಂದ ಸುಲೋಚನಾ ಎಂಬ ಕಂಪನಿಯ ಕಪ್ಪು ಬಿಳುಪು ಟೀವಿ ಕೊಂಡಳು. ಪೆಟ್ಟಿಗೆ ಬಿಚ್ಚಿ ತೋರಿಸಿರಿ ಎಂದು ಕೇಳಿದ್ದಳು. ಕಂಪನಿಯ ಸೀಲು ಒಡೆದರೆ ಆರು ತಿಂಗಳ ಗ್ಯಾರಂಟಿ ಹೋಗುತ್ತದೆ, ನಮ್ಮದು ವಿಶ್ವಾಸದ ವ್ಯವಹಾರ ತಾಯಿ ಎಂದು ಪರಮೇಶಪ್ಪನವರು ಕೈಮುಗಿದರು. ಹುಟ್ಟಿದಾರಭ್ಯ ಕಟ್ಟು ಬಿಚ್ಚಿ ವ್ಯಾಪಾರ ಮಾಡಿದವಳು ಅಂದು ಬಿಚ್ಚದ ಕಟ್ಟು ಕೊಂಡಳು. ಮುಂದೆ ಆಕೆಯ ಸಿಟ್ಟಿನಲ್ಲಿ ಕಾಲು ಪಾಲು ತನ್ನ ಮೇಲೆಯೇ ಇತ್ತು.

ಮಾಳಿಗೆಯ ಮೇಲೆ ಮೂವತ್ತು ಅಡಿಯ ಆಂಟೆನಾ ಕಂಬ ನಿಂತಿತು. ಸಂಜೆ ಓಣಿಯೆಲ್ಲ ಸೇರಿತು. ಗುಂಡಿ ತಿರುಗಿಸಿದರೆ ಸ್ಪಷ್ಟವಾಗಿ, ಗಟ್ಟಿಯಾಗಿ, ಹಿಂದಿಯಲ್ಲಿ ಮಾತು ಬಂತು. ಚಿತ್ರ ಬರಲಿಲ್ಲ. ಕಪ್ಪು ಗಾಜಿನೊಳಗಿನಿಂದ ಒಂದು ತಾಸು ದಿಲ್ಲಿ ಮಾತಾಡಿತು. ನೆರೆಯವರು ರೇಡಿಯೋ ಕೇಳಿದಂತೆ ಕೇಳಿ ಎದ್ದು ಹೋದರು. ಕರೀಮಸಾಬ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. ಎಲ್ಲರೂ ಏನನ್ನೋ ಪಡೆದು ಹೋದರು, ತನಗಷ್ಟೇ ಏನೋ ತಪ್ಪಿತು ಎಂಬಂತೆ ಗಾಜನ್ನು ನೋಡುತ್ತ ಕುಂತ. ಕೊನೆಗೆ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟ. ಅದು ನಡುಗುತ್ತಿತ್ತು. ಒಳಗೆ ಯಾರೋ ಮಾತಾಡುತ್ತಿದ್ದಾರೆ ಎಂದು ಹೆಂಡತಿಗೆ ಸನ್ನೆ ಮಾಡಿದ.

ಎಲೆಯ ಕಟ್ಟಳೆಯಂತೆ ಮರುದಿನ ಮಧ್ಯಾಹ್ನದೊಳಗೆ ವಾಪಸು ಒಯ್ಯಬೇಕು. ಮುಂಜಾನೆಯ ಹಾನಗಲ್ ಬಸ್ಸಿಗೆ ಮಾಬೂಬಿ ಟೀವಿ ಹೊರಿಸಿಕೊಂಡು ಬಂದಳು. ಕಂಡಕ್ಟರ್ ಗುಡ್ಡಪ್ಪ ಇಡೀ ಸಾರಿಗೆ ಸಂಸ್ಥೆ ತನ್ನ ಖಾಕಿ ಅಂಗಿಯ ಮೇಲೆ ನಿಂತಿದೆ ಎಂದು ನಂಬಿದ್ದ ಮನುಷ್ಯ. ಲಗೇಜಿನ ಪಟ್ಟಿಯಲ್ಲಿ ಸೈಕಲ್ ಇದೆ, ಹಾಸಿಗೆ ಸುರುಳಿ ಇದೆ, ಕೋಳಿ ಇದೆ, ಎಲೆ ಬುಟ್ಟಿ ಇದೆ, ಟೀವಿ ಇಲ್ಲ ಎಂದು ತಡೆದ. ಪಟ್ಟಿಯಲ್ಲಿ ಇಲ್ಲವೆಂದರೆ ಪುಕ್ಕಟೆ ಒಯ್ಯಿ ಎಂದಳು ಮಾಬೂಬಿ. ಕೂಡಲೇ ಗುಡ್ಡಪ್ಪನಿಗೆ ನಿಯಮ ಹೊಳೆಯಿತು, 'ಟಿ.ವಿ. ೧' ಎಂದು ಚೀಟಿ ಬರೆದ. ಸ್ಥಿತಿ ಬರಿ ಎಂದು ಆಕೆ ಪಟ್ಟು ಹಿಡಿದಳು. ಅದು ತನ್ನ ಕೆಲಸವಲ್ಲ ಎಂದು ಅವನು. ಇಪ್ಪತ್ತು ವರ್ಷದಿಂದ ಎಲೆ ಬುಟ್ಟಿಗೆ 'ಹಸಿ' ಎಂದು ಬರೆದು ಕೊಟ್ಟವರು ಯಾರು ಎಂದು ಆಕೆ. ಬಸ್ಸಿನೊಳಗಿನ ಜನ ಹೊತ್ತಾಯಿತೆಂದು ಕೂಗತೊಡಗಿದ ಮೇಲೆ ಗುಡ್ಡಪ್ಪ ಪೆನ್ಸಿಲು ನೆಕ್ಕಿ, 'ಕೆಟ್ಟ ಟಿ.ವಿ. ೧' ಎಂದು ತಿದ್ದಿ ಕೊಟ್ಟ. ಆಕೆ ಅದನ್ನು ಇಬ್ಬರು ಪ್ರಯಾಣಿಕರಿಂದ ಓದಿಸಿ, ಸೆರಗಿಗೆ ಗಂಟು ಹಾಕಿಕೊಂಡಳು.

ಬಸ್ಸು ಬಂಕಾಪುರದಲ್ಲಿ ಅರ್ಧ ತಾಸು ನಿಂತು ಹಾನಗಲ್ ಮುಟ್ಟಿದಾಗ ಹನ್ನೊಂದು. ಪರಮೇಶಪ್ಪನವರು ಟೀವಿಯನ್ನು ನೋಡಲೂ ಇಲ್ಲ. ಈ ಹೊತ್ತಿನಲ್ಲಿ ಪ್ರಸಾರ ಇರುವುದಿಲ್ಲ, ಏನನ್ನು ಪರೀಕ್ಷಿಸಲಿ, ಸಂಜೆ ಬನ್ನಿ ಎಂದರು. ಸಂಜೆಯ ಪ್ರಸಾರ ಶುರುವಾಗುವ ಮೊದಲೇ ಸವಣೂರಿಗೆ ಕೊನೆಯ ಬಸ್ಸು ಹೋಗಿಬಿಡುತ್ತಿತ್ತು. ಟೀವಿ ಬಿಟ್ಟು ಹೋಗಿ ಎಂದರು; ಬಿಟ್ಟಳು. ಚೀಟಿ ಕೇಳಿದರೆ, ವಿಶ್ವಾಸ ಎಂದರು. ನಾಲ್ಕು ದಿನದ ನಂತರ ಎಲ್ಲ ಸರಿಯಾಗಿದೆ ಎಂದು ಹೇಳಿ ಕಳಿಸಿದರು. ತಂದು ಹಚ್ಚಿದರೆ ಅದೇ ಮಾತು, ಅದೇ ಕಪ್ಪು ಗಾಜು.

ಹೀಗೆ ಆರು ಸಲ. ಮೊದಲ ಸಲ ಟೀವಿ ವಾಪಸು ಕೊಡುವಾಗ ಕಂಬ ಗಿಡ್ಡ ಎಂದರು. ಎರಡನೆಯ ಸಲ ಕರೆಂಟು ಏರಿಳಿಯುತ್ತದೆ, ನಮ್ಮಲ್ಲೇ ಸ್ಟೆಬಿಲೈಜರ್ ಕೊಳ್ಳಬೇಕಿತ್ತು ಎಂದರು, ಅದನ್ನೂ ಕೊಂಡಳು. ಆಮೇಲೆ ಹುಬ್ಬಳ್ಳಿ ದಿಕ್ಕಿಗೆ ಮೋಡ. ಆಮೇಲೆ ಕಂಬದ ಮೇಲೆ ಕಾಗೆ. ಕಾಗೆ ಕುಂತರೆ ಬರೇ ಚಿತ್ರ ಹೇಗೆ ಹೋಗುತ್ತದೆ, ದನಿ ಬಂದ ದಾರಿಯಲ್ಲೇ ಚಿತ್ರವೂ ಬರಬೇಕಲ್ಲ ಎಂದು ಮಾಬೂಬಿ ಕೇಳಿದ್ದಕ್ಕೆ, ಅದು ವಿಜ್ಞಾನ, ನಿಮಗೆ ತಿಳಿಯುವುದಿಲ್ಲ ತಾಯಿ ಎಂದರು. ಐದನೆಯ ಸಲ, ಗಂಡನಿಗೆ ಕಿವಿಯಿಲ್ಲ, ಅವನಿಗಾಗಿಯೇ ಕೊಂಡದ್ದು ಎಂದು ಬಾಯಿಬಿಟ್ಟು ಹೇಳಿದಳು. ಪರಮೇಶಪ್ಪನವರು ಪಕ್ಕದಲ್ಲಿ ಚಹ ಕುಡಿಯುತ್ತಿದ್ದ ಗೆಳೆಯರ ಕಡೆ ತಿರುಗಿ, ಹಾಗಾದರೆ ಇವರ ಮನೆಯಲ್ಲಿ ಒಬ್ಬರು ಕೇಳಲಿ, ಇನ್ನೊಬ್ಬರು ಗಾಜು ನೋಡಲಿ, ಜಗಳವೇ ಇಲ್ಲ ಎಂದರಂತೆ. ಗೆಳೆಯರು ನಕ್ಕರಂತೆ. ಇದನ್ನು ಹೇಳುವಾಗ ಮಾಬೂಬಿಯ ದನಿ ಎಷ್ಟು ಇಳಿದಿತ್ತೆಂದರೆ ನಾನು ಟೇಬಲ್ಲಿನ ಮೇಲೆ ಬಾಗಿ ಕೇಳಬೇಕಾಯಿತು. ಕೇಳಿ, ನನಗೂ ಚಹ ಸೇರಲಿಲ್ಲ.

ಮಾರ್ಚ್ ಇಪ್ಪತ್ತೇಳಕ್ಕೆ ಏಳನೆಯ ಸಲ ಹೋದಾಗ ಪರಮೇಶಪ್ಪನವರು ಗ್ಯಾರಂಟಿ ಮುಗಿದು ಎಂಟು ದಿನವಾಯಿತು ಎಂದು ಕಾರ್ಡು ತೋರಿಸಿದರು. ಆರು ಸಲ ಬಂದದ್ದು ನೆನಪಿಲ್ಲವೇ ಎಂದರೆ, ರಿಜಿಸ್ಟರಿನಲ್ಲಿ ಒಂದು ಸಲವೂ ಇಲ್ಲ ಎಂದರು. ಆಕೆಯ ಮುಂದೆ ಪುಟ ತಿರುವಿ ತೋರಿಸಿದರು. ನಿಜವಾಗಿಯೂ ಇರಲಿಲ್ಲ.

ಅಷ್ಟು ತಿಂಗಳೂ ಕರೀಮಸಾಬ ರವಿವಾರ ತಪ್ಪಿಸಲಿಲ್ಲ. ಟೀವಿ ಮನೆಯಲ್ಲಿದ್ದ ವಾರ ಮಧ್ಯಾಹ್ನ ತಲೆಗೆ ಟೊಪ್ಪಿಗೆ ಹಾಕಿಕೊಂಡು ಕುರ್ಚಿ ಎಳೆದು ಅದರ ಮುಂದೆ ಕೂಡುತ್ತಿದ್ದ. ಇವತ್ತು ಬರಬಹುದು ಎಂದು. ಬರದಿದ್ದರೆ ಅಂಗೈ ಇಟ್ಟು ನಡುಕ ನೋಡಿ, ಎದ್ದು ಹೋಗುತ್ತಿದ್ದ. ಹೆಂಡತಿಯನ್ನು ಏನೂ ಕೇಳುತ್ತಿರಲಿಲ್ಲ. ಕೇಳಿದ್ದರೆ ತಾಳಿಕೊಳ್ಳುತ್ತಿದ್ದೆ ಎಂದಳು ಮಾಬೂಬಿ.

ದೂರು ಬರೆಯುವ ಕೆಲಸ ನನ್ನ ಮೇಲೆ ಬಿತ್ತು. ವಕೀಲರು ಬೇಕಾಗಿಲ್ಲ, ಸ್ಟಾಂಪು ಬೇಕಾಗಿಲ್ಲ, ಬಿಳಿ ಹಾಳೆ ಸಾಕು ಎಂದು ಸುತ್ತೋಲೆಯಲ್ಲಿತ್ತು. ಆದರೂ ಕಾಗದ ಸಿಕ್ಕರೆ ಸುಮ್ಮನೆ ಬಿಡುವವನಲ್ಲ ನಾನು. 'ಘನತೆವೆತ್ತ ವೇದಿಕೆಯ ಪಾದಾರವಿಂದಗಳಲ್ಲಿ' ಎಂದು ಆರಂಭಿಸಿ, ವ್ಯಾಪಾರಿಗಳ ನೈತಿಕ ಅಧಃಪತನದ ಮೇಲೆ ಮೂರು ಹಾಳೆ ಬರೆದು, ಮಾಬೂಬಿಗೆ ರಾಗವಾಗಿ ಓದಿ ಹೇಳಿದೆ. ಆಕೆ ಕೇಳಿ, ಇದರಲ್ಲಿ ಟೀವಿ ಯಾವಾಗ ಬರುತ್ತದೆ ಎಂದಳು. ಅರ್ಧ ತಾಸಿನಲ್ಲಿ ಮೂರು ಹಾಳೆ ಹನ್ನೊಂದು ಸಾಲಾಯಿತು. ಯಾವತ್ತು ಕೊಂಡೆ, ಏನು ಬಂತು, ಏನು ಬರಲಿಲ್ಲ, ಎಷ್ಟು ಸಲ ಒಯ್ದೆ, ಏನು ಬೇಕು. ನನ್ನ ಬರವಣಿಗೆಯನ್ನು ಅಷ್ಟು ಚೆನ್ನಾಗಿ ಯಾರೂ ತಿದ್ದಿಲ್ಲ.

ಪರಮೇಶಪ್ಪನವರ ಉತ್ತರ ಹದಿನಾಲ್ಕು ಹಾಳೆ ಬಂತು. ಯಂತ್ರ ಆರು ತಿಂಗಳು ಸುಸ್ಥಿತಿಯಲ್ಲಿತ್ತು, ಅರ್ಜಿದಾರಳು ಅವಿದ್ಯಾವಂತೆ, ವೀಳ್ಯದೆಲೆಯ ವ್ಯಾಪಾರ ಮಾಡುವುದರಿಂದ ರೂಢಿಯ ಪ್ರಕಾರ ಟೀವಿಗೂ ನೀರು ಚಿಮುಕಿಸಿ, ಒದ್ದೆ ಗೋಣಿ ಹೊದಿಸಿ ಕೆಡಿಸಿದ್ದಾಳೆ, ಗ್ಯಾರಂಟಿ ಮುಗಿದ ನಂತರವೇ ಮೊದಲ ಸಲ ಬಂದಳು, ಪ್ರತಿಷ್ಠಿತ ವ್ಯಾಪಾರಿಯ ಮಾನ ಕಳೆಯಲು ಸುಳ್ಳು ಹೇಳುತ್ತಿದ್ದಾಳೆ.

ಈ ನೀರಿನ ಕಥೆ ಹೇಗೋ ಸವಣೂರಿನ ಪೇಟೆಗೂ ಬಂತು. ಎಲೆ ಕೊಳ್ಳಲು ಬಂದವರು, ಮಾಬೂಬಿ, ಟೀವಿ ಚಿಗುರೇತೇನಬೇ ಎಂದು ಕೇಳತೊಡಗಿದರು. ಚೇಷ್ಟೆ ಅಷ್ಟಕ್ಕೇ ನಿಂತಿದ್ದರೆ ಆಗುತ್ತಿತ್ತು. ಹುಬ್ಬಳ್ಳಿಯ ಗಿರಾಕಿಯೊಬ್ಬ, ಕೋರ್ಟಿನಲ್ಲಿ ಸುಳ್ಳು ಹೇಳುವವಳ ಬುಟ್ಟಿಯನ್ನು ನಂಬುವುದು ಹೇಗೆ ಎಂದು ಬೇರೆಯವರಿಂದ ಎಲೆ ತರಿಸತೊಡಗಿದ. ತಾಯಿಯ ಕಾಲದಿಂದ ಆ ಕಟ್ಟೆಯ ಮೇಲೆ ನಡೆದದ್ದು ಮಾತಿನ ಮೇಲಿನ ವ್ಯಾಪಾರ. ಗಂಡನಿಗೆ ಬೇಕಾದ ಚಿತ್ರದ ಜೊತೆಗೆ ಈಗ ಆಕೆಯ ಮಾತೂ ಧಾರವಾಡದ ವೇದಿಕೆಯ ಕೋಣೆಯಲ್ಲಿ ಹೋಗಿ ಕುಂತಿತು.

ತೊಂಬತ್ತು ದಿನದಲ್ಲಿ ತೀರ್ಪು ಕೊಡಬೇಕು ಎಂದು ಕಟ್ಟಳೆ ಬರೆದವರು ವಕೀಲರನ್ನು ನೋಡಿರಲಿಕ್ಕಿಲ್ಲ. ನಮ್ಮ ಕಡೆ ವಕೀಲರಿರಲಿಲ್ಲ. ಪರಮೇಶಪ್ಪನವರು ಮಾತ್ರ ಹುಬ್ಬಳ್ಳಿಯಿಂದ ಒಬ್ಬರನ್ನು ತಂದಿದ್ದರು. ಅವರು ನಾಲ್ಕು ಸಲ ಮುದ್ದತು ಕೇಳಿದರು. ಒಂದು ಸಲ ಅವರ ಹಲ್ಲು ನೋವು, ಒಂದು ಸಲ ಪರಮೇಶಪ್ಪನವರಿಗೆ ಯಾವುದೋ ಸಂಘದ ಸನ್ಮಾನ. ಪ್ರತಿ ಸಲ ಮಾಬೂಬಿ ಗಂಡನನ್ನು ಕರೆದುಕೊಂಡು, ಒಂದು ದಿನದ ವ್ಯಾಪಾರ ಬಿಟ್ಟು, ಎರಡು ಬಸ್ಸು ಬದಲಿಸಿ ಧಾರವಾಡಕ್ಕೆ ಬರಬೇಕು, ಮೆಟ್ಟಿಲ ಮೇಲೆ ಕೂಡಬೇಕು, ಹೋಗಬೇಕು. ಕೆಟ್ಟ ಟೀವಿ ಮಾರಿದವನಿಗೆ ಸನ್ಮಾನ ಇದ್ದದ್ದಕ್ಕೆ ಕೊಂಡವಳು ಇನ್ನೊಂದು ತಿಂಗಳು ಕಾಯುವುದು ಯಾವ ಲೋಕದ ನ್ಯಾಯ ಎಂದು, ರಜೆ ಹಾಕಿ ಜೊತೆಗೆ ಬಂದಿದ್ದ ನಾನು ಮೆಟ್ಟಿಲ ಮೇಲೆ ಕೂಗಾಡಿದೆ. ಬಾಗಿಲ ಜವಾನ ಬಂದು, ಸಾಹೇಬರು ಒಳಗಿದ್ದಾರೆ, ಮೆತ್ತಗೆ ಮಾತಾಡಿರಿ ಎಂದ. ಮೆತ್ತಗಾದೆ. ನಾನೂ ಸರ್ಕಾರಿ ನೌಕರ.

ಕೊನೆಗೆ ನವೆಂಬರಿನಲ್ಲಿ ವಿಚಾರಣೆ ನಡೆಯಿತು. ನಿವೃತ್ತ ನ್ಯಾಯಾಧೀಶರೊಬ್ಬರು ಅಧ್ಯಕ್ಷರು, ಅವರ ಎಡಬಲಕ್ಕೆ ಇಬ್ಬರು ಸದಸ್ಯರು, ಅವರಲ್ಲೊಬ್ಬರು ಕಾಲೇಜಿನಲ್ಲಿ ಪಾಠ ಹೇಳುವ ಹೆಣ್ಣುಮಗಳು. ಪರಮೇಶಪ್ಪನವರು ತಮ್ಮ ಟೀವಿಗಳ ಗುಣ ಹೇಳಲು ಶಿಗ್ಗಾಂವಿಯಿಂದ ಮಲ್ಲೇಶಪ್ಪ ಎಂಬ ತೃಪ್ತ ಗ್ರಾಹಕ ಬಂಧುವನ್ನು ಕರೆತಂದಿದ್ದರು. ಮಲ್ಲೇಶಪ್ಪ ಪ್ರಾಮಾಣಿಕ ಮನುಷ್ಯ. ನಿಮ್ಮ ಟೀವಿಯಲ್ಲಿ ಚಿತ್ರ ಬರುತ್ತದೆಯೇ ಎಂದು ವಕೀಲರು ಕೇಳಿದಾಗ, ಬರುತ್ತದೆ, ಆದರೆ ಕೆಳಗಿನಿಂದ ಮೇಲಕ್ಕೆ ಉರುಳುತ್ತದೆ, ನಾವೂ ಕತ್ತು ಎತ್ತುತ್ತಾ ಎತ್ತುತ್ತಾ ನೋಡುತ್ತೇವೆ, ರೂಢಿಯಾಗಿದೆ ಎಂದ. ವಕೀಲರು ಅವನನ್ನು ಬೇಗ ಕೂಡಿಸಿದರು.

ಆಮೇಲೆ ಮಾಬೂಬಿಯ ಸರದಿ. ವಕೀಲರು ಕೋಟಿನ ಎರಡೂ ತುದಿ ಹಿಡಿದು ನಿಂತರು. ಟೀವಿಯಿಂದ ಶಬ್ದ ಬರುತ್ತಿತ್ತೇ ಎಂದರು. ಬರುತ್ತಿತ್ತು ಎಂದಳು. ಹಾಗಾದರೆ ಯಂತ್ರ ಅರ್ಧದಷ್ಟಾದರೂ ಸರಿಯಾಗಿತ್ತು ಎಂದು ಒಪ್ಪುತ್ತೀರಿ ಎಂದರು.

"ಅರ್ಧ ಕೊಳತ ಎಲಿ ಕೊಟ್ರ ನೀವು ಅರ್ಧ ಬಾಯಾಗ ಹಾಕ್ಕೋತೀರೇನ್ರಿ ಸಾಹೇಬ್ರ?"

ಅಧ್ಯಕ್ಷರು ಪ್ರಶ್ನೆಗೆ ಉತ್ತರ ಕೊಡಿ, ಪ್ರಶ್ನೆ ಕೇಳಬೇಡಿ ಎಂದರು. ಅವರ ಬಾಯಲ್ಲೂ ಎಲೆಯಿತ್ತು. ವಕೀಲರು ಈಗ ಮೂಲೆಯ ಬೆಂಚಿನ ಮೇಲೆ ಕುಂತ ಕರೀಮಸಾಬನ ಕಡೆ ಬೆರಳು ಮಾಡಿ, ನಿಮ್ಮ ಗಂಡ ಕಿವುಡ, ಹೌದೋ ಅಲ್ಲವೋ ಎಂದರು. ಹೌದು ಎಂದಳು. ಕಿವುಡನಾದವನಿಗೆ ಟೀವಿ ಕೆಟ್ಟಿದೆ ಎಂದು ಹೇಗೆ ಗೊತ್ತಾಯಿತು ಎಂದು ಕೇಳಿ ಅವರು ಸದಸ್ಯರ ಕಡೆ ನೋಡಿದರು.

"ಕಿವುಡ ಇದ್ದಾನ್ರಿ," ಅಂದಳು ಮಾಬೂಬಿ. "ಕುರುಡ ಅಲ್ಲ."

ದನಿ ಇಳಿಯತೊಡಗಿತ್ತು. ನನಗೆ ಭಯವಾಯಿತು. ವಕೀಲರಿಗೆ ಅದು ಸೋಲಿನಂತೆ ಕಂಡಿರಬೇಕು. ಒಂದು ಹೆಜ್ಜೆ ಮುಂದೆ ಬಂದು, ಗ್ಯಾರಂಟಿ ಮುಗಿಯುವ ಮೊದಲು ನೀವು ಅಂಗಡಿಗೆ ಹೋದದ್ದಕ್ಕೆ ಏನು ಪುರಾವೆ, ಒಂದು ಕಾಗದ, ಒಂದು ಚೂರು ಕಾಗದ ಇದೆಯೇ ಎಂದರು. ಪರಮೇಶಪ್ಪನವರು ರಿಜಿಸ್ಟರಿನ ಮೇಲೆ ಕೈಯಿಟ್ಟು ಶಾಂತವಾಗಿ ಕುಂತಿದ್ದರು.

ಮಾಬೂಬಿ ಕೈಚೀಲದಿಂದ ಒಂದು ತಂತಿ ತೆಗೆದು ಮೇಜಿನ ಮೇಲಿಟ್ಟಳು.

ಅದನ್ನು ತರಲು ನಾನು ಹೇಳಿರಲಿಲ್ಲ. ನನಗೆ ಹೊಳೆದೂ ಇರಲಿಲ್ಲ. ಆರು ತಿಂಗಳ ಎಲೆ ಬುಟ್ಟಿಯ ಚೀಟಿಗಳು, ಅವುಗಳ ನಡುನಡುವೆ ಟೀವಿಯವು. ಪಾಠ ಹೇಳುವ ಸದಸ್ಯೆ ತಂತಿಯನ್ನು ಹತ್ತಿರ ಎಳೆದುಕೊಂಡು ಒಂದೊಂದೇ ಓದಿದರು. ಸೆಪ್ಟೆಂಬರ್ ಇಪ್ಪತ್ತು, ಸವಣೂರಿನಿಂದ ಹಾನಗಲ್, ಕೆಟ್ಟ ಟಿ.ವಿ. ಒಂದು. ಕೊಂಡದ್ದರ ಮರುದಿನ. ಅಕ್ಟೋಬರಿನಲ್ಲಿ ಕೆಟ್ಟ ಟಿ.ವಿ. ಒಂದು, ನವೆಂಬರಿನಲ್ಲಿ ಒಂದು. ಒಟ್ಟು ಆರು, ಎಲ್ಲವೂ ಗ್ಯಾರಂಟಿಯ ಒಳಗಿನವು. ಓದುತ್ತ ಓದುತ್ತ ಅವರು ನಿಂತರು. ಹಾನಗಲ್ಲಿನಿಂದ ಸವಣೂರಿಗೆ ವಾಪಸು ಬರುವಾಗಿನ ಚೀಟಿಗಳಲ್ಲಿ ಬೇರೆ ಮಾತಿತ್ತು: 'ಇನ್ನೂ ನೋಡದ ಟಿ.ವಿ. ೧'. ಇದೇನು ಎಂದು ಕೇಳಿದರು.

ಅಂಗಡಿಯವರು ಸರಿಯಾಗಿದೆ ಎಂದು ಕೊಟ್ಟಿದ್ದರು, ಕಂಡಕ್ಟರ್ 'ರಿಪೇರಿ ಆದದ್ದು' ಎಂದು ಬರೆಯಹೋದ, ತಾನು ಬಿಡಲಿಲ್ಲ ಎಂದು ಮಾಬೂಬಿ ವಿವರಿಸಿದಳು. "ಹಚ್ಚಿ ನೋಡಿಲ್ಲರಿ ಇನ್ನಾ. ನೋಡದ ಸರಕು ಚೊಲೋ ಅಂತ ಹೆಂಗ ಬರಸ್ಲಿ? ಕೆಟ್ಟೇತಿ ಅಂತನೂ ಬರಸಾಕ ಬರಾಂಗಿಲ್ಲಲ್ರೀ. ಅದೂ ಸುಳ್ಳ ಆಗತೈತಿ."

ವಕೀಲರು ಕೋಟಿನ ತುದಿ ಬಿಟ್ಟರು. ಅಧ್ಯಕ್ಷರು ಪರಮೇಶಪ್ಪನವರ ರಿಜಿಸ್ಟರನ್ನು ಒಮ್ಮೆ, ಆ ತಂತಿಯನ್ನು ಒಮ್ಮೆ ನೋಡಿ, ಈ ಹೆಣ್ಣುಮಗಳು ನಿಮ್ಮ ಬಗ್ಗೆ ನೀವು ಬರೆದುಕೊಂಡದ್ದಕ್ಕಿಂತ ನ್ಯಾಯವಾಗಿ ಬರೆಸಿದ್ದಾಳೆ ಎಂದರು. ಪರಮೇಶಪ್ಪನವರು ಏಕೈಕ ಅಧಿಕೃತ ಎಂದೇನೋ ಶುರು ಮಾಡಿದರು. ಕುಂತ್ಕೊಳ್ಳಿ ಎಂದರು ಅಧ್ಯಕ್ಷರು.

ಹೊಸ ಟೀವಿ, ಖರ್ಚಿಗೆಂದು ಐದುನೂರು ರೂಪಾಯಿ. ಅದ್ಭುತ ತೀರ್ಪು ಎಂದು ನಾನು ಮೆಟ್ಟಿಲಿಳಿಯುತ್ತ ಹೇಳಿದೆ. ಹೋದ ರವಿವಾರಗಳ ಬಗ್ಗೆ ಅದರಲ್ಲಿ ಏನು ಬರೆದಿದ್ದಾರೆ ಎಂದು ಮಾಬೂಬಿ ಕೇಳಿದಳು. ಏನೂ ಬರೆದಿರಲಿಲ್ಲ. ಬಸ್‌ಸ್ಟ್ಯಾಂಡಿನವರೆಗೂ ಆಕೆ ಮಾತಾಡಲಿಲ್ಲ. ಗೆದ್ದ ಮೇಲೂ ಸಿಟ್ಟು ಇಳಿಯದವರನ್ನು ಕಂಡರೆ ನಮಗೆ ಇರುಸುಮುರುಸು. ಇನ್ನಾದರೂ ನಗು ಮಾರಾಯ್ತಿ ಎಂದುಕೊಂಡೆ. ಈಗ ನೆನೆದರೆ, ಆಕೆ ನಗಬೇಕಾದದ್ದು ಯಾತಕ್ಕೆ ಎಂದು ತಿಳಿಯುವುದಿಲ್ಲ.

ಡಿಸೆಂಬರಿನ ಒಂದು ರವಿವಾರ ಪರಮೇಶಪ್ಪನವರು ತಾವೇ ಹೊಸ ಟೀವಿಯೊಂದಿಗೆ ಸವಣೂರಿಗೆ ಬಂದರು. ಜೊತೆಗೆ ಫೋಟೋದವನು. 'ಗ್ರಾಹಕ ಬಂಧುಗಳಿಗೆ ಸ್ವಯಂಪ್ರೇರಿತ ಸೇವೆ' ಎಂದು ಪತ್ರಿಕೆಗೆ ಹಾಕಿಸುವ ವಿಚಾರವಿತ್ತಂತೆ. ಮಾಬೂಬಿ ಫೋಟೋದವನನ್ನು ಹೊರಗೆ ನಿಲ್ಲಿಸಿದಳು. ಪೆಟ್ಟಿಗೆಯನ್ನು ಪರಮೇಶಪ್ಪನವರ ಕೈಯಿಂದಲೇ ಬಿಚ್ಚಿಸಿದಳು, ವೈರು ಅವರಿಂದಲೇ ಹಚ್ಚಿಸಿದಳು. ಮುಟ್ಟಿದ್ದಕ್ಕೆ ಸಹಿ ಹಾಕಿಕೊಡಿ ತಾಯಿ ಎಂದು ಅವರು ಕಾಗದ ಚಾಚಿದರೆ, ಮಧ್ಯಾಹ್ನದ ವಾರ್ತೆ ಬರಲಿ ಎಂದಳು. ನಾಲ್ಕು ತಾಲೂಕಿನ ಏಕೈಕ ಅಧಿಕೃತ ಮಾರಾಟಗಾರರು ಎಲೆ ಬುಟ್ಟಿಗಳ ನಡುವೆ, ಗೋಡೆಗೆ ಬೆನ್ನು ಹಚ್ಚಿ, ಎರಡು ತಾಸು ಕುಂತರು. ಚಹ ಕೊಟ್ಟಳು, ಅದರಲ್ಲಿ ಕೊರತೆ ಮಾಡಲಿಲ್ಲ.

ವಾರ್ತೆ ಬಂತು. ದಿಲ್ಲಿಯ ಹೆಣ್ಣುಮಗಳು ಬೆರಳು ಎತ್ತಿದಳು. ಕರೀಮಸಾಬ ಕುರ್ಚಿಯ ತುದಿಗೆ ಸರಿದ. ಆಕೆ ಎರಡು ಕೈ ಜೋಡಿಸಿದರೆ ಇವನೂ ಜೋಡಿಸಿದ, ಆಕೆ ಹಣೆ ಮುಟ್ಟಿದರೆ ಇವನೂ ಮುಟ್ಟಿದ. ಒಂದು ಅಕ್ಷರವೂ ತಿಳಿದಿರಲಿಕ್ಕಿಲ್ಲ. ಮುಗಿದ ಮೇಲೆ ಹೆಂಡತಿಯ ಕಡೆ ತಿರುಗಿ, ಹತ್ತೂ ಬೆರಳಿನಲ್ಲಿ ಏನೇನೋ ಹೇಳಿದ. ಆಕೆ ತಲೆದೂಗುತ್ತ ಕೇಳಿಸಿಕೊಂಡಳು, ಆಮೇಲೆ ಪರಮೇಶಪ್ಪನವರ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಳು.

"ಅರವತ್ತರ ಮ್ಯಾಲ ರವಿವಾರ ತಿಂದೀರಿ ನೀವು, ಈ ಮನಶ್ಯಾಂದು," ಅಂದಳು. "ಏಳ್ರಿನ್ನ."

ಇದೆಲ್ಲ ಮುಗಿದ ಎರಡು ವಾರಕ್ಕೆ ಶಿಗ್ಗಾಂವಿಯಲ್ಲಿ ಬಳಕೆದಾರರ ಜಾಗೃತಿ ಸಂಘ ಹುಟ್ಟಿತು. ಹುಟ್ಟಿದ ಎಂಟನೆಯ ದಿನವೇ ಸನ್ಮಾನ ಸಮಾರಂಭ ಇಟ್ಟುಕೊಂಡಿತು. ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ತರ್ ಮಹಾಲಿಂಗಪ್ಪನವರು. ಅವರು ಜೀವಮಾನದಲ್ಲಿ ಯಾವ ಅಂಗಡಿಗೂ ಏನನ್ನೂ ವಾಪಸು ಒಯ್ದವರಲ್ಲ, ಆದರೆ ಬಳಕೆದಾರರ ಹಕ್ಕಿನ ಬಗ್ಗೆ ಮುಕ್ಕಾಲು ತಾಸು ಮಾತಾಡಿದರು. ಗ್ರೀಸಿನಿಂದ ಹೊರಟು, ರೋಮಿನ ಮೇಲೆ ಹಾಯ್ದು, ಸವಣೂರು ಮುಟ್ಟುವ ಹೊತ್ತಿಗೆ ಅರ್ಧ ಜನ ಎದ್ದಿದ್ದರು. ಮಾಬೂಬಿಗೆ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಆಕೆ ಬುಟ್ಟಿಯ ತಳದ ಹಣ್ಣನ್ನು ಎತ್ತಿ ನೋಡಿ ಇಟ್ಟಳು. ನಾನೂ ವೇದಿಕೆಯ ಮೇಲಿದ್ದೆ. ದೂರು ಬರೆದವರೆಂದು ನನಗೂ ಒಂದು ಹಾರ ಬಿದ್ದಿತ್ತು, ಅದನ್ನು ಕೂಡಲೇ ತೆಗೆಯಲು ನನಗೆ ಮನಸ್ಸಾಗಿರಲಿಲ್ಲ.

ಕೊನೆಗೆ ಮಹಾಲಿಂಗಪ್ಪನವರು ಮೈಕನ್ನು ಆಕೆಯ ಮುಖದ ಹತ್ತಿರ ಹಿಡಿದು, ತಾಯಿ, ಒಬ್ಬ ಸಾಮಾನ್ಯ ಮಹಿಳೆಯಾಗಿ ಇಷ್ಟು ದೊಡ್ಡ ಐತಿಹಾಸಿಕ ಹೋರಾಟಕ್ಕೆ ಇಳಿಯಲು ತಮಗೆ ಪ್ರೇರಣೆಯಾದದ್ದು ಏನು, ಯಾವ ಮಹಾನ್ ವಿಚಾರ, ಯುವಜನತೆಗೆ ತಿಳಿಸಿಕೊಡಬೇಕು ಎಂದು ಕೇಳಿಕೊಂಡರು.

ಮಾಬೂಬಿ ಅವರನ್ನೊಮ್ಮೆ, ಮೈಕನ್ನೊಮ್ಮೆ ನೋಡಿದಳು.

"ಟೀವಿ ಕೆಟ್ಟಿತ್ರೀ," ಅಂದಳು.